ಓದುಗರ ಪ್ರಶ್ನೆ, ನಮ್ಮ ಉತ್ತರ: ಮಿತ ಖರ್ಚಿನಲ್ಲಿ ಮನೆಗೆ ಕ್ಯಾಮೆರಾ ಕಾವಲು

ಮನೆಯ ಕಾವಲಿಗೆ ಕ್ಯಾಮೆರಾ ಅಳವಡಿಸುವ ಕುರಿತು ಬಂದ ಪತ್ರಗಳಲ್ಲಿ ಆಯ್ದವುಗಳಿಗೆ ಈ ಬಾರಿ ಒಟ್ಟಿಗೆ ಉತ್ತರಿಸಲಾಗಿದೆ. ಹೆಚ್ಚಿನವರು ಕೇಳಿರುವುದು ಯಾವ ಕಂಪನಿಯ ಕ್ಯಾಮೆರಾ ಕೊಳ್ಳಬೇಕು ಎಂಬುದನ್ನು. ಕಂಪನಿಯ ಹೆಸರಿಗಿಂತ ಮೊದಲು ತೀರ್ಮಾನವಾಗಬೇಕಾದ ಸಂಗತಿಗಳು ಬೇರೆ ಇವೆ. ಅವು ತೀರ್ಮಾನವಾದರೆ ಸಾಧಾರಣ ಕ್ಯಾಮೆರಾದಿಂದಲೂ ಕೆಲಸವಾಗುತ್ತದೆ. ಆಗದಿದ್ದರೆ ದುಬಾರಿ ಕ್ಯಾಮೆರಾದಲ್ಲೂ ಯಾರದೋ ಮಸುಕು ಆಕೃತಿಯಷ್ಟೇ ಉಳಿಯುತ್ತದೆ.

ಪ್ರಶ್ನೆ: ನಮ್ಮದು ಸುತ್ತಲೂ ಜಾಗವಿರುವ ಒಂದೇ ಅಂತಸ್ತಿನ ಮನೆ. ಮುಂದೆ ಗೇಟು, ಪಕ್ಕದಲ್ಲಿ ಕಿರಿದಾದ ಓಣಿ, ಹಿಂದೆ ಹಿತ್ತಲು ಇವೆ. ಎಂಟು ಕ್ಯಾಮೆರಾಗಳ ಸೆಟ್ ಹಾಕಿಸಿದರೆ ಮೂಲೆಮೂಲೆಯೂ ಕಾಣುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ನಮ್ಮ ಕೈಯಲ್ಲಿ ಅದರ ಅರ್ಧದಷ್ಟು ಹಣವೂ ಇಲ್ಲ. ಎಷ್ಟು ಕ್ಯಾಮೆರಾ ಇದ್ದರೆ ಸಾಕು?

ಉತ್ತರ: ನೀವು ವಿವರಿಸಿರುವಂತಹ ಮನೆಗೆ ಮೂರು ಸಾಕು, ಹಣ ಎರಡಕ್ಕಷ್ಟೇ ಸಾಲುವುದಾದರೆ ಎರಡರಿಂದಲೇ ಆರಂಭಿಸಬಹುದು. ಆವರಣದ ಪ್ರತಿ ಅಡಿಯೂ ಪರದೆಯ ಮೇಲೆ ಕಾಣಬೇಕೆಂಬ ಆಸೆ ಸಹಜವೇ. ಆದರೆ ಮುಂದೊಂದು ದಿನ ನಿಮಗೆ ನಿಜವಾಗಿ ಬೇಕಾಗುವುದು, ಒಳಗೆ ಬಂದವನು ಹಾದುಹೋಗಲೇಬೇಕಾದ ಜಾಗದಲ್ಲಿ ತೆಗೆದ, ಮುಖ ಗುರುತಿಸಬಹುದಾದ ಒಂದು ಚಿತ್ರ. ನಿಮ್ಮ ಮನೆಯಲ್ಲಿ ಅಂತಹ ಜಾಗಗಳು ಮುಂಬಾಗಿಲು, ಪಕ್ಕದ ಓಣಿಯ ಬಾಯಿ ಮತ್ತು ಹಿತ್ತಲ ಬಾಗಿಲು. ಗೇಟಿನ ಮೇಲೆ ಒಂದಿದ್ದರೆ ಒಳ್ಳೆಯದೇ, ಅದನ್ನು ಮುಂದೆ ಸೇರಿಸಿಕೊಳ್ಳಬಹುದು.

ಮುಖ ಗುರುತಿಸುವುದೆಂದರೆ ಏನೆಂಬುದಕ್ಕೆ ಒಂದು ಲೆಕ್ಕವಿದೆ. 2014ರಲ್ಲಿ ಪ್ರಕಟವಾದ ಐಇಸಿ 62676-4 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ದೃಶ್ಯದಲ್ಲಿ ಯಾರೋ ಇದ್ದಾರೆ ಎಂದು ತಿಳಿಯಲು ಒಂದು ಮೀಟರ್ ಅಗಲಕ್ಕೆ 25 ಪಿಕ್ಸೆಲ್, ಅಂದರೆ ಚಿತ್ರವನ್ನು ರೂಪಿಸುವ ಚುಕ್ಕೆಗಳು, ಸಾಕು. ಮೊದಲೇ ಪರಿಚಯವಿದ್ದವರು ಇವರೇ ಎಂದು ಹೇಳಲು 125 ಬೇಕು. ಅಪರಿಚಿತನ ಗುರುತು ನಿಸ್ಸಂದೇಹವಾಗಿ ಸಿಗಬೇಕಾದರೆ 250 ಬೇಕು. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ 1920 ಪಿಕ್ಸೆಲ್. ಅದನ್ನು 250ರಿಂದ ಭಾಗಿಸಿದರೆ ಸುಮಾರು ಏಳೂಮುಕ್ಕಾಲು ಮೀಟರ್ ಬರುತ್ತದೆ. ಅಂದರೆ ದೃಶ್ಯ ಅದಕ್ಕಿಂತ ಅಗಲವಾದ ಕಡೆ ಮುಖ ಗುರುತಿಸುವ ಭರವಸೆ ಇಟ್ಟುಕೊಳ್ಳುವಂತಿಲ್ಲ. ಅಗ್ಗದ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿರುವ 2.8 ಮಿಲಿಮೀಟರ್ ಲೆನ್ಸ್ ನೂರು ಡಿಗ್ರಿಗೂ ಮಿಕ್ಕ ಅಗಲವನ್ನು ನೋಡುವುದರಿಂದ, ಈ ಮಿತಿ ಕ್ಯಾಮೆರಾದಿಂದ ಮೂರು ಮೀಟರ್ ದೂರಕ್ಕೇ ಮುಗಿಯುತ್ತದೆ. 4 ಮಿಲಿಮೀಟರ್ ಲೆನ್ಸ್ ಇದ್ದರೆ ನಾಲ್ಕು, ನಾಲ್ಕೂವರೆ ಮೀಟರ್, 6 ಮಿಲಿಮೀಟರ್ ಇದ್ದರೆ ಏಳೆಂಟು ಮೀಟರ್ ಎಂದು ಸ್ಥೂಲವಾಗಿ ಹೇಳಬಹುದು. ಹೀಗಾಗಿ ಮನೆಯ ಸೂರಿನಡಿಯಲ್ಲಿ ಕುಳಿತ ಅಗಲ ಲೆನ್ಸಿನ ಕ್ಯಾಮೆರಾಕ್ಕೆ ಹತ್ತು ಮೀಟರ್ ಆಚೆಯ ಗೇಟು ಕಾಣುತ್ತದೆ, ಗೇಟು ತೆರೆದವನೂ ಕಾಣುತ್ತಾನೆ, ಅವನು ಯಾರೆಂದು ಮಾತ್ರ ಕಾಣುವುದಿಲ್ಲ. ಬಾಗಿಲ ಬಳಿಗೆ 2.8, ಓಣಿಗೆ 4 ಅಥವಾ 6 ಮಿಲಿಮೀಟರ್ ಎಂದು ಬೇರೆ ಬೇರೆ ಲೆನ್ಸ್ ಕೇಳಿ ತರುವುದು ನಿಮ್ಮ ಹಕ್ಕು. ಸೆಟ್‌ನಲ್ಲಿ ಎಲ್ಲವೂ ಒಂದೇ ಲೆನ್ಸಿನವಾಗಿ ಬರುವುದು ಮಾರುವವರ ಅನುಕೂಲಕ್ಕೆ.

ಎತ್ತರದ ವಿಚಾರದಲ್ಲಿಯೂ ಎಚ್ಚರ ಬೇಕು. ಯಾರ ಕೈಗೂ ಎಟುಕಬಾರದೆಂದು ನಾಲ್ಕೈದು ಮೀಟರ್ ಮೇಲೆ ಕಟ್ಟಿದರೆ ದೊರೆಯುವುದು ತಲೆಯ ನೆತ್ತಿ ಮತ್ತು ಟೋಪಿಯ ಚಿತ್ರ. ಎರಡೂವರೆ ಮೀಟರ್ ಆಸುಪಾಸಿನ ಎತ್ತರ ಹೆಚ್ಚಿನ ಮನೆಗಳಿಗೆ ಸರಿಹೊಂದುತ್ತದೆ. ಒಳಗಿನಿಂದ ಬಾಗಿಲಿನತ್ತ ನೋಡುವ ಕ್ಯಾಮೆರಾ ಇದ್ದರೆ ಹಿಂಬದಿಯ ಬಿಸಿಲಿನಿಂದ ಮುಖ ಕಪ್ಪಾಗುತ್ತದೆ. ಅಂತಹ ಜಾಗಕ್ಕೆ, ಬೆಳಕು ನೆರಳುಗಳನ್ನು ಸರಿದೂಗಿಸುವ ಡಬ್ಲ್ಯೂಡಿಆರ್ ಸೌಲಭ್ಯವಿರುವುದನ್ನೇ ತೆಗೆದುಕೊಳ್ಳಿ. ಗೋಡೆಗೆ ತೂತು ಕೊರೆಯುವ ಮುನ್ನ ಕ್ಯಾಮೆರಾವನ್ನು ಏಣಿಗೆ ಕಟ್ಟಿ, ಮನೆಯವರೊಬ್ಬರನ್ನು ಹಗಲಲ್ಲೊಮ್ಮೆ ರಾತ್ರಿಯೊಮ್ಮೆ ಅದರ ಮುಂದೆ ನಡೆಸಿ, ರೆಕಾರ್ಡ್ ಆದುದನ್ನು ನಿಲ್ಲಿಸಿ ನೋಡಿರಿ.

ಪ್ರಶ್ನೆ: ವೈಫೈ ಕ್ಯಾಮೆರಾ ಒಳ್ಳೆಯದೇ, ವೈರಿನದು ಒಳ್ಳೆಯದೇ? ನಮ್ಮ ಮನೆಯ ಗೋಡೆಯೊಳಗೆ ಹಳೆಯ ಕ್ಯಾಮೆರಾಗಳಿಗೆ ಹಾಕಿದ್ದ ಕೋಆಕ್ಸಿಯಲ್ ಕೇಬಲ್ ಇನ್ನೂ ಇದೆ. ಅದನ್ನು ಕಿತ್ತುಹಾಕಬೇಕೇ?

ಉತ್ತರ: ಕೀಳಬೇಡಿ. ಇಂದಿನ ಎಚ್‌ಡಿ-ಟಿವಿಐ, ಎಚ್‌ಡಿ-ಸಿವಿಐ, ಎಎಚ್‌ಡಿ ವಿಧಾನಗಳ ಕ್ಯಾಮೆರಾಗಳು ಅದೇ ಕೋಆಕ್ಸಿಯಲ್ ಕೇಬಲ್ಲಿನ ಮೂಲಕ ಪೂರ್ಣ ಎಚ್‌ಡಿ ದೃಶ್ಯವನ್ನು ಕಳುಹಿಸಬಲ್ಲವು. ಕೇಬಲ್ ಚೆನ್ನಾಗಿದ್ದರೆ ಕೊನೆಯ ಕನೆಕ್ಟರುಗಳನ್ನು ಬದಲಿಸಿ, ಹೊಸ ಕ್ಯಾಮೆರಾ ಮತ್ತು ಅದಕ್ಕೆ ಹೊಂದುವ ಡಿವಿಆರ್ (ದೃಶ್ಯ ದಾಖಲಿಸುವ ರೆಕಾರ್ಡರ್) ತಂದರೆ ಕೆಲಸ ಮುಗಿಯಿತು. ನಿಮ್ಮ ಮಟ್ಟಿಗೆ ಎಲ್ಲಕ್ಕಿಂತ ಮಿತವ್ಯಯದ ದಾರಿ ಇದೇ.

ಹೊಸದಾಗಿ ಕೇಬಲ್ ಎಳೆಯಬೇಕಾದವರಿಗೆ ನಮ್ಮ ಸಲಹೆ, ಕಂಪ್ಯೂಟರ್ ಜಾಲದ ಮೂಲಕ ದೃಶ್ಯ ಕಳುಹಿಸುವ ಐಪಿ ಕ್ಯಾಮೆರಾ ಮತ್ತು ನೆಟ್‌ವರ್ಕ್ ಕೇಬಲ್. ಪವರ್ ಓವರ್ ಈಥರ್ನೆಟ್ ವಿಧಾನದಲ್ಲಿ ಒಂದೇ ಕೇಬಲ್ ದೃಶ್ಯವನ್ನೂ ವಿದ್ಯುತ್ತನ್ನೂ ನೂರು ಮೀಟರ್ ದೂರದವರೆಗೆ ಒಯ್ಯುತ್ತದೆ. ಕ್ಯಾಮೆರಾದ ವಿವರಪಟ್ಟಿಯಲ್ಲಿ ಆನ್‌ವಿಫ್ ಎಂಬ ಹೆಸರಿದೆಯೇ ನೋಡಿರಿ. ಅದು 2008ರಲ್ಲಿ ಆ್ಯಕ್ಸಿಸ್, ಬಾಷ್ ಮತ್ತು ಸೋನಿ ಕಂಪನಿಗಳು ಸೇರಿ ಆರಂಭಿಸಿದ ಒಕ್ಕೂಟದ ಸಾಮಾನ್ಯ ಭಾಷೆ. ಅದಿದ್ದರೆ ಒಂದು ಕಂಪನಿಯ ಕ್ಯಾಮೆರಾವನ್ನು ಇನ್ನೊಂದು ಕಂಪನಿಯ ರೆಕಾರ್ಡರಿಗೆ ಜೋಡಿಸಲು ಸಾಮಾನ್ಯವಾಗಿ ಸಾಧ್ಯವಾಗುತ್ತದೆ. ನಾಳೆ ಒಂದು ಕೆಟ್ಟರೆ ಇಡೀ ಸೆಟ್ ಬದಲಿಸುವ ಪ್ರಮೇಯ ಬರುವುದಿಲ್ಲ.

ವೈಫೈ ಕ್ಯಾಮೆರಾ ಎಂದರೆ ವೈರೇ ಬೇಡವೆಂದು ಹಲವರು ಭಾವಿಸಿದ್ದಾರೆ. ದೃಶ್ಯಕ್ಕೆ ವೈರು ಬೇಡ, ವಿದ್ಯುತ್ತಿಗೆ ಬೇಕೇ ಬೇಕು. ಬ್ಯಾಟರಿಯವು ಇವೆ, ಆದರೆ ಅವು ಬ್ಯಾಟರಿ ಉಳಿಸಲು ನಿದ್ರಿಸುತ್ತಿದ್ದು, ದೇಹದ ಶಾಖವನ್ನು ಗ್ರಹಿಸುವ ಸಂವೇದಕ ಎಚ್ಚರಿಸಿದ ಮೇಲೆ ಚಿತ್ರೀಕರಣ ಆರಂಭಿಸುವುದರಿಂದ, ವೇಗವಾಗಿ ಹಾದುಹೋದವನ ಬೆನ್ನು ಮಾತ್ರ ಸಿಗುವುದುಂಟು. ಬಾಡಿಗೆ ಮನೆಯವರಿಗೆ, ಗೋಡೆ ಕೊರೆಯಲು ಅನುಮತಿ ಇಲ್ಲದವರಿಗೆ ವೈಫೈ ಅನಿವಾರ್ಯ. ಅಂತಹವರು ಮೊಬೈಲನ್ನು ಕ್ಯಾಮೆರಾ ಕೂರಿಸುವ ಜಾಗಕ್ಕೆ ಒಯ್ದು ಅಲ್ಲಿ ಸಂಕೇತ ಹೇಗಿದೆ ಎಂದು ಮೊದಲು ಪರೀಕ್ಷಿಸಬೇಕು. 2.4 ಗಿಗಾಹರ್ಟ್ಸ್ ಸಂಕೇತ ಗೋಡೆಗಳನ್ನು 5 ಗಿಗಾಹರ್ಟ್ಸ್‌ಗಿಂತ ಚೆನ್ನಾಗಿ ದಾಟುತ್ತದೆ, ಕಾಂಕ್ರೀಟ್ ಗೋಡೆಗಳು ಎರಡನ್ನೂ ಕುಗ್ಗಿಸುತ್ತವೆ.

ಪ್ರಶ್ನೆ: ಹಿತ್ತಲಿನ ಕ್ಯಾಮೆರಾ ಹಗಲೆಲ್ಲ ಚೆನ್ನಾಗಿ ಕೆಲಸ ಮಾಡುತ್ತದೆ. ಕತ್ತಲಾಗುತ್ತಿದ್ದಂತೆ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ, ರಾತ್ರಿಯಿಡೀ ಹೀಗೆಯೇ ನಡೆಯುತ್ತದೆ. ಕ್ಯಾಮೆರಾ ಬದಲಿಸಿದರೂ ಅದೇ ಕಥೆ. ಅಡಾಪ್ಟರ್ ಮನೆಯೊಳಗಿದ್ದು, ಅಲ್ಲಿಂದ ಸುಮಾರು ಮೂವತ್ತು ಮೀಟರ್ ತೆಳುವಾದ ವೈರು ಹೋಗಿದೆ.

ಉತ್ತರ: ದೋಷ ಕ್ಯಾಮೆರಾದಲ್ಲಿಲ್ಲ, ವೈರಿನಲ್ಲಿದೆ. ಕತ್ತಲಾದೊಡನೆ ಕ್ಯಾಮೆರಾದ ಸುತ್ತಲಿನ ಇನ್‌ಫ್ರಾರೆಡ್ ಎಲ್‌ಇಡಿಗಳು ಉರಿಯತೊಡಗಿ ಅದು ಎಳೆಯುವ ವಿದ್ಯುತ್ ಪ್ರವಾಹ ದುಪ್ಪಟ್ಟಿಗೂ ಮೀರಬಹುದು. ಅರ್ಧ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 84 ಓಮ್ ರೋಧವಿರುತ್ತದೆ. ಮೂವತ್ತು ಮೀಟರ್ ಹೋಗಿ ಮೂವತ್ತು ಮೀಟರ್ ಹಿಂದಿರುಗುವ ಒಟ್ಟು ಅರವತ್ತು ಮೀಟರಿಗೆ ಅದು 5 ಓಮ್ ಆಗುತ್ತದೆ. ಹಗಲಿನಲ್ಲಿ ಕ್ಯಾಮೆರಾ ಕಾಲು ಆಂಪಿಯರ್ ಎಳೆದರೆ ದಾರಿಯಲ್ಲಿ ನಷ್ಟವಾಗುವುದು ಒಂದೂಕಾಲು ವೋಲ್ಟ್. 12ರಲ್ಲಿ ಇನ್ನೂ ಹತ್ತೂಮುಕ್ಕಾಲು ಉಳಿದಿರುತ್ತದೆ, ಕ್ಯಾಮೆರಾ ಸಹಿಸಿಕೊಳ್ಳುತ್ತದೆ. ರಾತ್ರಿ 0.6 ಆಂಪಿಯರ್ ಎಳೆದರೆ ನಷ್ಟ 3 ವೋಲ್ಟ್. ಉಳಿದ 9 ವೋಲ್ಟ್‌ನಲ್ಲಿ ಅದು ಆರಿಹೋಗುತ್ತದೆ. ಆರಿದೊಡನೆ ಹೊರೆ ಇಳಿದು ವೋಲ್ಟೇಜ್ ಏರುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ, ಎಲ್‌ಇಡಿಗಳು ಉರಿಯುತ್ತವೆ, ಮತ್ತೆ ಆರುತ್ತದೆ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿಯನ್ನು ತಾಮ್ರವೆಂದು ಕೊಟ್ಟಿದ್ದರೆ ರೋಧ ಇನ್ನೂ ಒಂದೂವರೆ ಪಟ್ಟು ಎಂದುಕೊಳ್ಳಿ.

ಹಗಲಿನಲ್ಲಿಯೇ ಕ್ಯಾಮೆರಾದ ಮುಖವನ್ನು ದಪ್ಪ ಕಪ್ಪು ಬಟ್ಟೆಯಿಂದ ಮುಚ್ಚಿ, ಕ್ಯಾಮೆರಾ ತುದಿಯಲ್ಲಿ ಮಲ್ಟಿಮೀಟರ್ ಹಿಡಿದು ನೋಡಿದರೆ ವೋಲ್ಟೇಜ್ ಕುಸಿಯುವುದು ಕಣ್ಣಿಗೇ ಕಾಣುತ್ತದೆ. ಪರಿಹಾರ ಸುಲಭ. ಅಡಾಪ್ಟರನ್ನು ನೀರು ತಾಗದ ಡಬ್ಬಿಯಲ್ಲಿಟ್ಟು ಕ್ಯಾಮೆರಾದ ಹತ್ತಿರಕ್ಕೆ ಒಯ್ಯಿರಿ. ಹಿತ್ತಲಿನವರೆಗಿನ ಮನೆಯ ವಿದ್ಯುತ್ ಸಂಪರ್ಕದ ಕೆಲಸವನ್ನು ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು. ಅದಾಗದಿದ್ದರೆ ದಪ್ಪ ತಂತಿ ಎಳೆಯಿರಿ, ಅಥವಾ ನೆಟ್‌ವರ್ಕ್ ಕೇಬಲ್ಲಿನಲ್ಲಿ ಖಾಲಿ ಉಳಿದ ಜೋಡಿ ತಂತಿಗಳನ್ನು ಪ್ಲಸ್‌ಗೆ ಒಂದು ಗುಂಪು, ಮೈನಸ್‌ಗೆ ಒಂದು ಗುಂಪಾಗಿ ಹೊಸೆದು ಬಳಸಿರಿ. ಎರಡು ಜೋಡಿ ಸೇರಿದರೆ ರೋಧ ಅರ್ಧಕ್ಕಿಳಿಯುತ್ತದೆ. ಪವರ್ ಓವರ್ ಈಥರ್ನೆಟ್ ಸುಮಾರು 48 ವೋಲ್ಟ್‌ನಲ್ಲಿ ಕೆಲಸ ಮಾಡುವುದರಿಂದ ಅದೇ ಶಕ್ತಿಗೆ ಕಾಲುಭಾಗ ಪ್ರವಾಹ ಸಾಕಾಗಿ, ಈ ಸಮಸ್ಯೆ ಅಲ್ಲಿ ತಲೆದೋರುವುದು ಅಪರೂಪ.

ಪ್ರಶ್ನೆ: ಕಿಟಕಿಯ ಒಳಗಿಟ್ಟ ಕ್ಯಾಮೆರಾದಲ್ಲಿ ರಾತ್ರಿ ಬರೀ ಬಿಳಿ ಮಂಜು ಕಾಣುತ್ತದೆ. ಹೊರಗಿನ ಇನ್ನೊಂದರಲ್ಲಿ ಜೇಡರ ಬಲೆ ಹೊಳೆಯುತ್ತದೆ, ಮೊಬೈಲಿಗೆ ರಾತ್ರಿಯಿಡೀ ಎಚ್ಚರಿಕೆ ಬರುತ್ತದೆ.

ಉತ್ತರ: ಎರಡಕ್ಕೂ ಕಾರಣ ಕ್ಯಾಮೆರಾದ ಸ್ವಂತ ಬೆಳಕೇ. ಕಣ್ಣಿಗೆ ಕಾಣದ ಆ ಬೆಳಕು ಕಿಟಕಿಯ ಗಾಜಿಗೆ ಬಡಿದು ಲೆನ್ಸಿಗೇ ಹಿಂದಿರುಗುತ್ತದೆ. ಒಳಗಿನ ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕನ್ನು ಆ್ಯಪ್‌ನಲ್ಲಿ ಆರಿಸಿ, ಹೊರಗಡೆ ಒಂದು ಸಾಧಾರಣ ದೀಪ ಉರಿಸಿರಿ. ಎಲ್‌ಇಡಿಗಳಲ್ಲಿ ಎರಡು ಬಗೆ: 850 ನ್ಯಾನೋಮೀಟರಿನವು ಕತ್ತಲಲ್ಲಿ ಮಂದವಾದ ಕೆಂಪು ಚುಕ್ಕೆಗಳಾಗಿ ಕಾಣುತ್ತವೆ ಮತ್ತು ದೂರದವರೆಗೆ ಬೆಳಗುತ್ತವೆ; 940 ನ್ಯಾನೋಮೀಟರಿನವು ಕಾಣುವುದಿಲ್ಲ, ಅವುಗಳ ವ್ಯಾಪ್ತಿಯೂ ಕಡಿಮೆ. ಗಾಜು ಎರಡನ್ನೂ ಪ್ರತಿಫಲಿಸುತ್ತದೆ.

ಬಲೆಗೆ ಕಾರಣ, ಕ್ಯಾಮೆರಾದ ಬಳಿ ಸುಳಿಯುವ ಕೀಟಗಳು ಮತ್ತು ಅವನ್ನು ಅರಸಿ ಬರುವ ಜೇಡಗಳು. ವಾರಕ್ಕೊಮ್ಮೆ ಉದ್ದನೆಯ ಪೊರಕೆಯಿಂದ ಗುಡಿಸುವುದಕ್ಕಿಂತ ಉತ್ತಮ ಉಪಾಯ ನಮಗೆ ತಿಳಿದಂತೆ ಇಲ್ಲ. ದೀಪವನ್ನು ಕ್ಯಾಮೆರಾದಿಂದ ಎರಡು ಮೂರು ಮೀಟರ್ ದೂರ ಹಾಕಿದರೆ ಕೀಟಗಳು ಅತ್ತ ಹೋಗುತ್ತವೆ. ಎಚ್ಚರಿಕೆಗಳ ವಿಷಯಕ್ಕೆ ಬಂದರೆ, ಚಿತ್ರದಲ್ಲಿ ಏನು ಅಲುಗಿದರೂ ಸೂಚಿಸುವ ಹಳೆಯ ವಿಧಾನದ ಬದಲು ಮನುಷ್ಯಾಕೃತಿಯನ್ನು ಗುರುತಿಸಿ ಸೂಚಿಸುವ ಸೌಲಭ್ಯವಿದ್ದರೆ ಅದನ್ನು ಆರಿಸಿ, ಮರದ ಕೊಂಬೆ ಮತ್ತು ರಸ್ತೆ ಇರುವ ಭಾಗವನ್ನು ಪರಿಶೀಲನಾ ವಲಯದಿಂದ ಹೊರಗಿಡಿ. ರಾತ್ರಿಯಿಡೀ ಗುಂಯ್‌ಗುಡುವ ಮೊಬೈಲನ್ನು ಮೂರನೆಯ ದಿನಕ್ಕೆ ಎಲ್ಲರೂ ಮೌನಕ್ಕೆ ಹಾಕುತ್ತಾರೆ, ಆಮೇಲೆ ಎಚ್ಚರಿಕೆ ಇದ್ದೂ ಇಲ್ಲದಂತೆ.

ಪ್ರಶ್ನೆ: ಎಷ್ಟು ದಿನಗಳ ದೃಶ್ಯ ಉಳಿಸಿಕೊಳ್ಳಬೇಕು? ತಿಂಗಳ ಚಂದಾ ಕಟ್ಟಿ ಕ್ಲೌಡ್‌ನಲ್ಲಿ ಇಡುವುದು ಅಗತ್ಯವೇ?

ಉತ್ತರ: ಚಂದಾ ಕಟ್ಟುವ ಮುನ್ನ ಸ್ವಂತ ಸಂಗ್ರಹದ ಲೆಕ್ಕ ಹಾಕಿ ನೋಡಿರಿ. 2 ಮೆಗಾಪಿಕ್ಸೆಲ್ ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ಎಡೆಬಿಡದೆ ರೆಕಾರ್ಡ್ ಮಾಡಿದರೆ ದಿನವೊಂದಕ್ಕೆ 21.6 ಗಿಗಾಬೈಟ್ ಆಗುತ್ತದೆ. 128 ಗಿಗಾಬೈಟಿನ ಮೆಮೊರಿ ಕಾರ್ಡಿನಲ್ಲಿ ಹೆಚ್ಚುಕಡಿಮೆ ಆರು ದಿನ, 1 ಟೆರಾಬೈಟ್ ಹಾರ್ಡ್ ಡಿಸ್ಕಿನಲ್ಲಿ ಒಂದು ಕ್ಯಾಮೆರಾಕ್ಕೆ ನಲವತ್ತಾರು ದಿನ ಅಥವಾ ಮೂರು ಕ್ಯಾಮೆರಾಗಳಿಗೆ ಹದಿನೈದು ದಿನ ಹಿಡಿಯುತ್ತದೆ. ಎಚ್.265 ಸಂಕೋಚನ ವಿಧಾನವನ್ನು ಆರಿಸಿದರೆ ಎಚ್.264ಕ್ಕಿಂತ ಸುಮಾರು ಅರ್ಧದಷ್ಟು ಜಾಗ ಸಾಕಾಗುತ್ತದೆ. ಸೆಕೆಂಡಿಗೆ ಹದಿನೈದು ಫ್ರೇಮು ಮನೆಯ ಕಾವಲಿಗೆ ಧಾರಾಳ. ಮನೆಯಲ್ಲಿರುವವರಿಗೆ ಒಂದು ವಾರದ ದಾಖಲೆ ಸಾಮಾನ್ಯವಾಗಿ ಸಾಕು. ದೀರ್ಘ ಪ್ರವಾಸ ಹೋಗುವವರು ತಾವು ಊರಲ್ಲಿಲ್ಲದ ದಿನಗಳಿಗಿಂತ ಹೆಚ್ಚು ದಿನ ಉಳಿಯುವಂತೆ ನೋಡಿಕೊಳ್ಳಬೇಕು.

ನಿರಂತರವಾಗಿ ಬರೆದು ಅಳಿಸುವ ಕೆಲಸಕ್ಕೆ ಸಾಧಾರಣ ಮೆಮೊರಿ ಕಾರ್ಡು ಬೇಗ ಸವೆಯುತ್ತದೆ. ಹೈ ಎಂಡ್ಯೂರೆನ್ಸ್ ಎಂದು ನಮೂದಿಸಿರುವ ಕಾರ್ಡನ್ನೂ ಕಾವಲು ಕ್ಯಾಮೆರಾಗಳಿಗೆಂದೇ ತಯಾರಾದ ಹಾರ್ಡ್ ಡಿಸ್ಕನ್ನೂ ಕೊಳ್ಳಿ. ಖರ್ಚು ಕಡಿತ ಮಾಡಬಾರದ ಜಾಗ ಇದು. ರೆಕಾರ್ಡರನ್ನು ಟಿವಿಯ ಪಕ್ಕದಲ್ಲಿ ಎಲ್ಲರಿಗೂ ಕಾಣುವಂತೆ ಇಡುವುದು ಹಲವು ಮನೆಗಳ ರೂಢಿ. ಕಳ್ಳನು ಅದನ್ನೂ ಹೊತ್ತುಕೊಂಡು ಹೋದರೆ ಯಾವ ದಾಖಲೆಯೂ ಉಳಿಯುವುದಿಲ್ಲ. ಬೀಗವಿರುವ, ಆದರೆ ಗಾಳಿಯಾಡುವ ಕಪಾಟಿನಲ್ಲಿಡಿ. ಕ್ಲೌಡ್‌ನ ನಿಜವಾದ ಪ್ರಯೋಜನ ಇರುವುದು ಇಲ್ಲಿಯೇ: ಉಪಕರಣ ಹೋದರೂ ದೃಶ್ಯ ಹೊರಗೆ ಉಳಿದಿರುತ್ತದೆ. ಮುಂಬಾಗಿಲಿನ ಒಂದು ಕ್ಯಾಮೆರಾಕ್ಕೆ ಮಾತ್ರ ಚಂದಾ ಕಟ್ಟಿ, ಉಳಿದವನ್ನು ಮನೆಯಲ್ಲಿಯೇ ಇಟ್ಟುಕೊಳ್ಳುವುದು ವಿವೇಕ. ಮನೆಯಲ್ಲಿ ಹಳೆಯ ಕಂಪ್ಯೂಟರ್ ಇದ್ದು, ಅದನ್ನು ಹೊಂದಿಸುವ ತಾಳ್ಮೆಯಿದ್ದರೆ, ಝೋನ್‌ಮೈಂಡರ್ ಅಥವಾ ಫ್ರಿಗೇಟ್ ಎಂಬ ಉಚಿತ ತಂತ್ರಾಂಶಗಳಿಂದ ಅದನ್ನೇ ರೆಕಾರ್ಡರ್ ಮಾಡಿಕೊಳ್ಳಬಹುದು. ಇನ್ನೊಂದು ಮಾತು: ರೂಟರ್ ಮತ್ತು ರೆಕಾರ್ಡರಿಗೆ ಸಣ್ಣ ಯುಪಿಎಸ್ ಕೊಡಿ, ವಿದ್ಯುತ್ ಹೋದಾಗಲೇ ಕಾವಲು ಹೆಚ್ಚು ಬೇಕಾಗುವುದು.

ಪ್ರಶ್ನೆ: ಹೊರಗಿನವರು ಇಂಟರ್ನೆಟ್ ಮೂಲಕ ನಮ್ಮ ಮನೆಯ ಕ್ಯಾಮೆರಾದೊಳಗೆ ಇಣುಕಿ ನೋಡಬಲ್ಲರೇ? ಮಕ್ಕಳಿರುವ ಮನೆ, ಭಯವಾಗುತ್ತದೆ.

ಉತ್ತರ: ನಿಮ್ಮ ಭಯ ಆಧಾರವಿಲ್ಲದ್ದಲ್ಲ. 2016ರಲ್ಲಿ ಮಿರಾಯ್ ಎಂಬ ದುರುದ್ದೇಶದ ತಂತ್ರಾಂಶ ಜಗತ್ತಿನ ಲಕ್ಷಾಂತರ ಉಪಕರಣಗಳನ್ನು ವಶಪಡಿಸಿಕೊಂಡಿತು; ಅವುಗಳಲ್ಲಿ ಬಹಳಷ್ಟು ಕ್ಯಾಮೆರಾಗಳು ಮತ್ತು ಡಿವಿಆರ್‌ಗಳೇ ಆಗಿದ್ದವು. ಅದು ಬಳಸಿದ ತಂತ್ರವೇನೂ ಅಸಾಧಾರಣವಲ್ಲ. ಕಾರ್ಖಾನೆಯಿಂದ ಬಂದಾಗ ಇರುವ ಸಿದ್ಧ ಹೆಸರು ಮತ್ತು ಪಾಸ್‌ವರ್ಡ್‌ಗಳ ಅರವತ್ತರಷ್ಟು ಜೋಡಿಗಳ ಒಂದು ಪಟ್ಟಿಯನ್ನು ಹಿಡಿದು, ಒಂದೊಂದನ್ನೇ ಪ್ರಯತ್ನಿಸಿ ನೋಡಿತು. ಅದೇ ವರ್ಷದ ಅಕ್ಟೋಬರ್ 21ರಂದು ಇಂತಹ ಉಪಕರಣಗಳ ದಂಡನ್ನು ಇಂಟರ್ನೆಟ್ ತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಸಂಸ್ಥೆಯ ಮೇಲೆ ಹರಿಯಬಿಟ್ಟಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂತಹ ತಾಣಗಳು ಹಲವರಿಗೆ ಸಿಗದಂತಾದವು. ತಮ್ಮ ಕ್ಯಾಮೆರಾ ಅದರಲ್ಲಿ ಭಾಗಿಯಾಗಿತ್ತೆಂಬುದು ಅದರ ಒಡೆಯರಲ್ಲಿ ಹೆಚ್ಚಿನವರಿಗೆ ಗೊತ್ತೇ ಆಗಿರಲಿಕ್ಕಿಲ್ಲ.

ಆದ್ದರಿಂದ ಡಬ್ಬಿ ಬಿಚ್ಚಿದೊಡನೆ ಆಗಬೇಕಾದ ಕೆಲಸ ಪಾಸ್‌ವರ್ಡ್ ಬದಲಾವಣೆ. ಅದು ಉದ್ದವಾಗಿರಲಿ, ಬೇರೆಲ್ಲೂ ಬಳಸದ್ದಾಗಿರಲಿ. ಆ್ಯಪ್‌ನಲ್ಲಿ ಎರಡು ಹಂತದ ದೃಢೀಕರಣವಿದ್ದರೆ ಅದನ್ನು ಆನ್ ಮಾಡಿರಿ. ಫರ್ಮ್‌ವೇರ್ ಪರಿಷ್ಕರಣೆ ಬಂದಾಗಲೆಲ್ಲ ಹಾಕಿಕೊಳ್ಳಿ. ಪರಿಷ್ಕರಣೆಯೇ ಬಾರದ, ಹೆಸರಿಲ್ಲದ ಕ್ಯಾಮೆರಾ ಎಷ್ಟು ಅಗ್ಗವಾದರೂ ಬೇಡ. ರೂಟರಿನಲ್ಲಿ, ಉಪಕರಣಗಳು ತಾವಾಗಿಯೇ ಹೊರಗಿನಿಂದ ದಾರಿ ತೆರೆದುಕೊಳ್ಳಲು ಬಿಡುವ ಯುಪಿಎನ್‌ಪಿ ಸೌಲಭ್ಯವನ್ನು ನಿಲ್ಲಿಸಿ, ಅಳವಡಿಸಲು ಬಂದವರು ಇಂಟರ್ನೆಟ್‌ನಿಂದ ಕ್ಯಾಮೆರಾಕ್ಕೆ ನೇರ ದಾರಿ ಕೊಡುವ ಪೋರ್ಟ್ ಫಾರ್ವರ್ಡಿಂಗ್ ಮಾಡಿದ್ದರೆ ತೆಗೆಸಿರಿ. ಕ್ಯಾಮೆರಾಗಳನ್ನು ರೂಟರಿನ ಅತಿಥಿ ಜಾಲಕ್ಕೆ ಜೋಡಿಸಿದರೆ, ಒಂದು ವೇಳೆ ಅವು ಪರರ ವಶವಾದರೂ ನಿಮ್ಮ ಕಂಪ್ಯೂಟರ್ ಮತ್ತು ಮೊಬೈಲುಗಳತ್ತ ದಾರಿ ಸಿಗುವುದು ಕಷ್ಟ. ಇವೆಲ್ಲಕ್ಕೂ ಒಂದು ಬಿಡಿಗಾಸೂ ಬೇಕಿಲ್ಲ. ಅಳವಡಿಸಿದವರು ತಾವೇ ಇಟ್ಟ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟು ಹೋಗಿದ್ದರೆ, ಅವರು ಹೊರಟ ಕೂಡಲೇ ಅದನ್ನೂ ಬದಲಿಸಿರಿ. ಮಲಗುವ ಕೋಣೆಯಲ್ಲಿ, ಮಕ್ಕಳ ಕೋಣೆಯಲ್ಲಿ ಕ್ಯಾಮೆರಾ ಇಡಬೇಡಿರೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ.

ಪ್ರಶ್ನೆ: ಉಪಯೋಗಿಸದ ಹಳೆಯ ಮೊಬೈಲನ್ನು ಕ್ಯಾಮೆರಾ ಮಾಡಿಕೊಳ್ಳಬಹುದೇ?

ಉತ್ತರ: ಮಾಡಿಕೊಳ್ಳಬಹುದು. ಅದಕ್ಕೆಂದೇ ಉಚಿತ ಆ್ಯಪ್‌ಗಳಿವೆ. ಹಜಾರದ ಮೇಲೆ ಕಣ್ಣಿಡಲು ಅದು ಸಾಕು. ಆದರೆ ಸಾಧಾರಣ ಮೊಬೈಲಿಗೆ ಇನ್‌ಫ್ರಾರೆಡ್ ದೀಪವಿಲ್ಲ, ಕತ್ತಲಲ್ಲಿ ಅದು ಕುರುಡು. ಹಗಲಿರುಳು ಚಾರ್ಜಿಗೆ ಹಾಕಿಟ್ಟರೆ ಹಳೆಯ ಬ್ಯಾಟರಿ ಬಿಸಿಯಾಗಿ ಉಬ್ಬುವ ಅಪಾಯವಿದೆ. ಪ್ಲಗ್‌ಗೆ ಟೈಮರ್ ಹಾಕಿ ದಿನಕ್ಕೆ ಕೆಲವು ಗಂಟೆ ಮಾತ್ರ ಚಾರ್ಜ್ ಆಗುವಂತೆ ಮಾಡಿರಿ, ಹಿಂಬದಿಯ ಮುಚ್ಚಳ ಸ್ವಲ್ಪ ಎದ್ದಂತೆ ಕಂಡರೂ ಆ ಮೊಬೈಲನ್ನು ಬಿಡಿರಿ.

ಪ್ರಶ್ನೆ: ಒಳಗೆ ಏನೂ ಇಲ್ಲದ, ಕೆಂಪು ದೀಪ ಮಿನುಗುವ ಸುಳ್ಳು ಕ್ಯಾಮೆರಾಗಳು ಸಿಗುತ್ತವೆ. ಹೆದರಿಸುವುದಕ್ಕಾದರೂ ಆಗುವುದಿಲ್ಲವೇ?

ಉತ್ತರ: ಆ ಹಣಕ್ಕೆ ಹಿತ್ತಲ ಬಾಗಿಲಿಗೆ ಒಳ್ಳೆಯ ಚಿಲಕ ಹಾಕಿಸಿರಿ. ಮಿನುಗುವ ಕೆಂಪು ದೀಪ ನಿಜವಾದ ಕ್ಯಾಮೆರಾಗಳಲ್ಲಿ ಅಪರೂಪವೆಂಬುದು ತಿಳಿಯಬೇಕಾದವರಿಗೆ ತಿಳಿದೇ ಇದೆ.

ಪ್ರಶ್ನೆ: ನಮ್ಮ ಗೇಟಿನ ಕ್ಯಾಮೆರಾದಲ್ಲಿ ರಸ್ತೆಯೂ ಎದುರು ಮನೆಯ ಜಗಲಿಯೂ ಕಾಣುತ್ತವೆ. ಎದುರು ಮನೆಯವರು ಆಕ್ಷೇಪಿಸುತ್ತಿದ್ದಾರೆ. ನಮ್ಮ ಮನೆ, ನಮ್ಮ ಕ್ಯಾಮೆರಾ ಅಲ್ಲವೇ?

ಉತ್ತರ: ಕ್ಯಾಮೆರಾ ನಿಮ್ಮದು, ಆದರೆ ಜಗಲಿ ಅವರದು. ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆಯಾದರೂ, ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2014ರ ಡಿಸೆಂಬರ್‌ನಲ್ಲಿ ನೀಡಿದ ತೀರ್ಪು ಗಮನಾರ್ಹ. ಮನೆಯ ಮೇಲೆ ಪದೇ ಪದೇ ದಾಳಿಯಾದ ಕಾರಣಕ್ಕೆ ಒಬ್ಬರು ಅಳವಡಿಸಿದ್ದ ಕ್ಯಾಮೆರಾದಲ್ಲಿ ಸಾರ್ವಜನಿಕ ದಾರಿಯೂ ಸೆರೆಯಾಗುತ್ತಿದ್ದುದರಿಂದ, ಅದನ್ನು ಕೇವಲ ಖಾಸಗಿ ಗೃಹಬಳಕೆ ಎನ್ನಲಾಗದು ಎಂದು ನ್ಯಾಯಾಲಯ ಹೇಳಿತು. ಹೆಚ್ಚಿನ ಕ್ಯಾಮೆರಾಗಳಲ್ಲಿ ಪ್ರೈವಸಿ ಮಾಸ್ಕ್ ಎಂಬ ಸೌಲಭ್ಯವಿದ್ದು, ಚಿತ್ರದ ಆಯ್ದ ಭಾಗವನ್ನು ಕಪ್ಪು ಚೌಕದಿಂದ ಮುಚ್ಚಬಹುದು. ಎದುರು ಮನೆಯವರನ್ನು ಕರೆದು, ಮುಚ್ಚಿರುವುದನ್ನು ಪರದೆಯ ಮೇಲೆ ತೋರಿಸಿರಿ. ಧ್ವನಿಮುದ್ರಣವನ್ನೂ ನಿಲ್ಲಿಸುವುದು ಲೇಸು. ಮಾತುಗಳನ್ನು ಮುದ್ರಿಸುವ ವಿಷಯದಲ್ಲಿ ಹಲವೆಡೆ ಕಾನೂನು ದೃಶ್ಯಕ್ಕಿಂತ ಬಿಗಿಯಾಗಿದೆ.

ಪ್ರಶ್ನೆ: ಏನಾದರೂ ಕಳವು ನಡೆದೇಬಿಟ್ಟರೆ ದೃಶ್ಯವನ್ನು ಪೊಲೀಸರಿಗೆ ಕೊಡುವುದು ಹೇಗೆ? ಪರದೆಯ ಮೇಲೆ ಓಡುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಕಳುಹಿಸಿದರೆ ಸಾಲದೇ?

ಉತ್ತರ: ತುರ್ತಿಗೆ ಕಳುಹಿಸಿರಿ, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ, ಪರದೆಯಿಂದ ತೆಗೆದ ಚಿತ್ರದಲ್ಲಿ ಮುಖದ ವಿವರಗಳು ಮಾಸಿಹೋಗುತ್ತವೆ. ಸಂಗ್ರಹ ತುಂಬಿದಂತೆ ರೆಕಾರ್ಡರ್ ಹಳೆಯದರ ಮೇಲೆ ಹೊಸದನ್ನು ಬರೆಯುತ್ತ ಹೋಗುವುದರಿಂದ, ಘಟನೆಯ ಅರ್ಧ ಗಂಟೆ ಮೊದಲಿನಿಂದ ಅರ್ಧ ಗಂಟೆ ನಂತರದವರೆಗಿನ ಮೂಲ ಕಡತವನ್ನು ಅಂದೇ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಕೆಲವು ರೆಕಾರ್ಡರುಗಳ ಕಡತ ತಮ್ಮದೇ ಪ್ಲೇಯರಿನಲ್ಲಿ ಮಾತ್ರ ತೆರೆಯುತ್ತದೆ. ಹಾಗಿದ್ದರೆ ಆ ಪ್ಲೇಯರನ್ನೂ ಜೊತೆಗೇ ನಕಲು ಮಾಡಿರಿ. ಒಂದು ಪ್ರತಿ ಕೊಟ್ಟು, ಇನ್ನೊಂದನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಇಳಿಸುವಾಗ ಪರದೆಯ ಮೇಲಿನ ಗಡಿಯಾರವನ್ನು ನಿಮ್ಮ ಮೊಬೈಲಿನ ಸಮಯದೊಡನೆ ಹೋಲಿಸಿ, ಎಷ್ಟು ನಿಮಿಷ ಹಿಂದೆ ಮುಂದೆ ಇದೆ ಎಂಬುದನ್ನು ಒಂದು ಕಾಗದದಲ್ಲಿ ಬರೆದು ಪೆನ್‌ಡ್ರೈವ್ ಜೊತೆಗೇ ಕೊಡಿರಿ. ರೆಕಾರ್ಡರಿನಲ್ಲಿ ಎನ್‌ಟಿಪಿ ಎಂಬ ಆಯ್ಕೆಯನ್ನು ಆನ್ ಮಾಡಿಟ್ಟಿದ್ದರೆ ಇಂಟರ್ನೆಟ್ ಇರುವವರೆಗೆ ಗಡಿಯಾರ ತಾನಾಗಿಯೇ ಸರಿಹೊಂದುತ್ತಿರುತ್ತದೆ, ಈ ಟಿಪ್ಪಣಿಯ ಅಗತ್ಯವೇ ಬೀಳುವುದಿಲ್ಲ.